ಒಂದು ಸ್ವರ ಬಾಯಲ್ಲಿ

ಸಿಸ್ಟರ್ ಅವರ ಹತ್ತೂ ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು, ಲಟ್ಟಣಿಗೆ ಉರುಳಿಸಿದ ಹಾಗೆ. ಉಗುರು ಇದೆಯೋ ಇಲ್ಲವೋ ಎನ್ನುವಷ್ಟು ಒತ್ತಿ ಕತ್ತರಿಸಿಕೊಳ್ಳುತ್ತಿದ್ದರು. ಆ ಬೆರಳುಗಳಿಂದ ಸದಾ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಅವರ ಮನೆಯ ಬಾಗಿಲ ಚೌಕಟ್ಟಿಗೆ ಒಂದು ಮೊಳೆ, ಮೊಳೆಗೆ ಬ್ಯಾಂಡೇಜ್ ಬಟ್ಟೆ ಹರಿದು ಹೊಸೆದ ದಾರ, ದಾರದ ತುದಿಗೆ ಒಂದು ನೇಲ್ ಕಟರ್. ಪಿಯಾನೊ ಕಲಿಯಲು ಬಂದವರು ಚಪ್ಪಲಿ ಬಿಟ್ಟು, ಅಲ್ಲೇ ನಿಂತು ಉಗುರು ಕತ್ತರಿಸಿ, ಹಿತ್ತಿಲ ನಲ್ಲಿಯಲ್ಲಿ ಮೊಣಕೈವರೆಗೂ ಕೈ ತೊಳೆದು, ಒರೆಸಿಕೊಂಡೇ ಒಳಗೆ ಬರಬೇಕು.

"ಆಪರೇಷನ್ ಥಿಯೇಟರ್ ಅಂತ ತಿಳ್ಕೊ ಮಾರಾಯ್ತಿ" ಎನ್ನುತ್ತಿದ್ದರು.

ಕಲಿಯಲು ಬರುತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಮಂಡಿ ಸಾಹುಕಾರರ ಮಗಳು. ಅವಳ ಮಾತು ಬಂದಲ್ಲೆಲ್ಲ ನನ್ನ ಬರವಣಿಗೆ ಸ್ವಲ್ಪ ಕಹಿಯಾದರೆ ಓದುವವರು ಸಹಿಸಿಕೊಳ್ಳಬೇಕು. ಇಷ್ಟು ವರ್ಷವಾದರೂ ಆ ಕಹಿ ನನ್ನಿಂದ ಪೂರ್ತಿ ಹೋಗಿಲ್ಲ.

ಸಿಸ್ಟರ್ ಕರಾವಳಿಯ ಕಡೆಯವರು. ನರ್ಸ್ ಆಗಿ ಊರೂರು ವರ್ಗವಾಗಿ, ಕೊನೆಗೆ ಶಿಕಾರಿಪುರದಲ್ಲಿ ನಿವೃತ್ತರಾಗಿ ಅಲ್ಲೇ ನಿಂತುಬಿಟ್ಟರು. ಮದುವೆಯಾಗಿರಲಿಲ್ಲ. ಮೊದಲ ನೌಕರಿ ಒಂದು ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿದ್ದ ವಿದೇಶಿ ಡಾಕ್ಟರಮ್ಮ ಅವರಿಗೆ ಪಿಯಾನೊ ಕಲಿಸಿ, ತಮ್ಮ ದೇಶಕ್ಕೆ ಹೊರಟಾಗ ಅದನ್ನೂ ಕೊಟ್ಟುಹೋದರಂತೆ. ಸಿಸ್ಟರ್‌ಗೆ ವರ್ಗವಾದಾಗಲೆಲ್ಲ ಪಿಯಾನೊಕ್ಕೂ ವರ್ಗ. ಶಿಕಾರಿಪುರಕ್ಕೆ ಅದು ಬಂದದ್ದು ಲಾರಿಯಲ್ಲಿ, ಭತ್ತದ ಹೊಟ್ಟಿನ ಚೀಲಗಳ ಮಧ್ಯೆ. ನಡುಮನೆಯ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಕಪ್ಪು ಮರದ ದೊಡ್ಡ ಪೆಟ್ಟಿಗೆ, ಮುಚ್ಚಳ ತೆಗೆದರೆ ಹಳದಿಗಟ್ಟಿದ ಹಲ್ಲಿನ ಸಾಲು. ಸುತ್ತ ನೆಲದ ಮೇಲೆ ಗೆದ್ದಲು ಪುಡಿಯ ಗೆರೆ, ರಂಗೋಲಿಯಷ್ಟು ನೇರವಾಗಿ.

ನಾನು ಸೊರಬ ತಾಲ್ಲೂಕಿನ ಉಳವಿಗೆ ಹತ್ತಿರದ ಹಳ್ಳಿಯವಳು. ಡಿಗ್ರಿ ಓದಲು ಶಿಕಾರಿಪುರದ ಹಾಸ್ಟೆಲಿನಲ್ಲಿದ್ದೆ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಡಿಗ್ರಿ ಮುಗಿಸಿದವಳೂ ನಾನೇ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಮೊದಲ ವರ್ಷ ನನ್ನ ತೋರುಬೆರಳಿಗೆ ಉಗುರುಸುತ್ತು ಆಯಿತು. ಹಾಸ್ಟೆಲಿನ ಅಡುಗೆಯಾಕೆ, "ಹಿಂದಿನ ಓಣಿ ಸಿಸ್ಟರ್ ಹತ್ರ ಹೋಗು, ಕೀವು ತೆಗೆದು ಕಟ್ತಾರೆ" ಎಂದು ಕಳಿಸಿದಳು.

ಸಿಸ್ಟರ್ ಬೆರಳಿಗೆ ಬಟ್ಟೆ ಸುತ್ತುತ್ತಿದ್ದರೆ ನನ್ನ ಕಣ್ಣು ಆ ಪೆಟ್ಟಿಗೆಯ ಮೇಲಿತ್ತು.

"ಎಂತ ನೋಡ್ತಿ?"

"ಅದು ಹಾರ್ಮೋನಿಯಮ್ಮಾ ಸಿಸ್ಟರ್?"

"ಹಾರ್ಮೋನಿಯಮ್ಮಿನ ಅಜ್ಜಿ. ಒತ್ತಿ ನೋಡಬೇಕು ಅಂತ ಆಸೆ ಉಂಟಾ?"

"ಹೂಂ."

"ಬೆರಳು ವಾಸಿ ಆಗಲಿ. ಆಮೇಲೆ ತೊಳ್ಕೊಂಡು ಬಾ."

ವಾಸಿಯಾಯಿತು, ತೊಳೆದುಕೊಂಡು ಹೋದೆ. ಒಂದು ಬಿಳಿ ಕೀ ಒತ್ತಿದೆ. ಸ್ವರ ಹೊರಟು, ನಾನು ಬೆರಳು ತೆಗೆಯುವವರೆಗೂ ಕೋಣೆಯಲ್ಲೇ ನಿಂತಿತ್ತು. ನಾನು ಮಾಡಿದ ಯಾವ ಕೆಲಸವೂ ಅದಕ್ಕೆ ಮುಂಚೆ ಹಾಗೆ ನಿಂತು ನನ್ನನ್ನು ನೋಡಿರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಈ ಬೆಂಚಿನ ಮೇಲೆ ನನಗೊಂದು ಜಾಗ ಬೇಕು.

ಅಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ವಿಷಯ ಕೇಳಿ ಶನಿವಾರ ಅಡುಗೆ ಮುಗಿಸಿ ಬಸ್ಸು ಹತ್ತಿ ಬಂದಳು. ಸಿಸ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಷ್ಟಾಗ್ತದೆ ಅಮ್ಮಾ, ಇದನ್ನ ಕಲ್ಸಕೆ?"

ಸಿಸ್ಟರ್ ಅಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. "ತಿಂಗಳಿಗೆ ಇನ್ನೂರು."

"ನೂರೈವತ್ತು ಮಾಡ್ಕಳಿ. ತಪ್ಪದೆ ಕೊಡ್ತೀನಿ."

"ಆಗಲಿ. ನೂರೈವತ್ತು."

ಆ ನೂರೈವತ್ತು ಬಂದದ್ದು ಅಮ್ಮನ ನಾಟಿ ಕೋಳಿಗಳಿಂದ. ಮೊಟ್ಟೆಯನ್ನೆಲ್ಲ ಉಳವಿಯ ಅಂಗಡಿಗೆ ಕೊಡತೊಡಗಿದಳು, ಮನೆಯಲ್ಲಿ ಮೊಟ್ಟೆ ಕಾಣುವುದೇ ನಿಂತಿತು. ಅಪ್ಪನಿಗೆ ಅರ್ಥವಾಗಲಿಲ್ಲ. "ಎಂತದದು ಪಿಯಾನ? ಡೊಳ್ಳಿನಂಗೆ ಹೊತ್ಕಂಡು ತಿರುಗಬಹುದಾ?" ಎಂದು ಕೇಳಿದ. ಆಗುವುದಿಲ್ಲ, ಆರು ಜನ ಬೇಕು ಎತ್ತಲು ಎಂದೆ. "ಮೊಟ್ಟೆ ಎಲ್ಲಾ ಅದೇ ತಿಂದ್ರೆ ಅಷ್ಟು ತೂಕ ಆಗ್ದೆ ಮತ್ತೆಂತ" ಎಂದು ಎದ್ದುಹೋದ.

ಸಿಸ್ಟರ್ ಫೀಸನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಸಿರಿಂಜು ಕುದಿಸುತ್ತಿದ್ದ ಒಂದು ಸ್ಟೀಲ್ ಡಬ್ಬಿ ಪಿಯಾನೊದ ಮೇಲಿರುತ್ತಿತ್ತು. ತಿಂಗಳ ಮೊದಲ ಪಾಠದ ದಿನ ನಾವೇ ಮುಚ್ಚಳ ತೆಗೆದು ಅದರೊಳಗೆ ಹಾಕಬೇಕು. ನಾನು ಮುಚ್ಚಳವನ್ನು ಸದ್ದಾಗುವ ಹಾಗೆ ಮುಚ್ಚುತ್ತಿದ್ದೆ. ಮಂಡಿಯವರ ಮಗಳಿಗೆ ಕೇಳಿಸಲಿ ಎಂದು.

ಅವಳು ನನ್ನದೇ ಕಾಲೇಜು, ನನ್ನದೇ ತರಗತಿ. ಅವರಪ್ಪನಿಗೆ ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ಅವಳು ಸ್ಕೂಟಿಯಲ್ಲಿ ಬರುತ್ತಿದ್ದಳು, ಅದಕ್ಕಲ್ಲ ನನ್ನ ಹೊಟ್ಟೆಯುರಿ. ಸ್ಕೂಟಿ ನಾನೂ ಮುಂದೆ ಕೊಳ್ಳಬಹುದು ಎಂದು ಗೊತ್ತಿತ್ತು, ಕೊಂಡೆ ಕೂಡ. ಅವಳ ಬೆರಳುಗಳನ್ನು ನಾನು ಯಾವ ಅಂಗಡಿಯಲ್ಲಿ ಕೊಳ್ಳಲಿ? ಹೆಬ್ಬೆರಳಿನಿಂದ ಕಿರುಬೆರಳಿಗೆ ಎಂಟು ಕೀಗಳನ್ನು ಅವಳ ಕೈ ಸಲೀಸಾಗಿ ಚಾಚಿ ಹಿಡಿಯುತ್ತಿತ್ತು. ಸಸಿ ಕಿತ್ತು, ಸೌದೆ ಒಡೆದು ಬೆಳೆದ ನನ್ನ ಕೈ ಏಳಕ್ಕೇ ನಿಲ್ಲುತ್ತಿತ್ತು. ನಾನು ವಾರವಿಡೀ ಹಾಸ್ಟೆಲಿನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕೀಗಳನ್ನು ಬರೆದುಕೊಂಡು ಅಭ್ಯಾಸ ಮಾಡಿ ತಂದ ಪಾಠವನ್ನು ಅವಳು ಬಂದು ಕೂತು, ಮೂಗು ಉಜ್ಜಿಕೊಂಡು, ಎರಡನೇ ಸಲಕ್ಕೆ ನುಡಿಸಿಬಿಡುತ್ತಿದ್ದಳು. ಸಿಸ್ಟರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ನುಡಿಸುವಾಗ ಅವರ ಕಣ್ಣು ತೆರೆದೇ ಇರುತ್ತಿತ್ತು.

ತಾಳ ಕಲಿಸಲು ಅವರದೇ ಒಂದು ಕ್ರಮವಿತ್ತು. ನಮ್ಮ ಎಡಗೈಯ ನಾಡಿಯನ್ನು ನಾವೇ ಹಿಡಿದು ಕೂರಬೇಕು. ಆ ಬಡಿತಕ್ಕೆ ಡೋ, ರೇ, ಮೀ ಎಂದು ಬಾಯಲ್ಲಿ ಹೇಳಬೇಕು, ನಮ್ಮ ಸರಿಗಮ ಇದ್ದ ಹಾಗೆ. ನಾಡಿ ನೆಟ್ಟಗಾದ ಮೇಲೆಯೇ ಕೈ ಕೀಗಳ ಮೇಲೆ. ಒಂದು ಸಂಜೆ ಅವಳು ನುಡಿಸಿ ಎದ್ದಳು, ನಾನು ಕೂತೆ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ನೋಡಿ ನಕ್ಕರು.

"ಬಸ್ಸಿಗೆ ಓಡಿ ಬಂದ ಹಾಗುಂಟು. ಅವಳನ್ನು ನೋಡಿ ಹೀಗಾದ್ದಾ?"

"ಇಲ್ಲ ಸಿಸ್ಟರ್."

"ಬಾಯಿ ಸುಳ್ಳು ಹೇಳ್ತದೆ, ನಾಡಿ ಹೇಳುವುದಿಲ್ಲ. ಹೊಟ್ಟೆಕಿಚ್ಚಿಗೆ ನಾಡಿ ಓಡ್ತದೆ ಮಾರಾಯ್ತಿ, ಪಾಠ ಓಡುವುದಿಲ್ಲ."

ಒಂದು ವರ್ಷ ಕಳೆದ ಮೇಲೆ ಒಂದು ದಿನ, ಇಬ್ಬರೂ ಹಿತ್ತಿಲಲ್ಲಿ ಕೈ ತೊಳೆಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ಡಬ್ಬಿಗೆ ಕೈ ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ದೊಡ್ಡವರ ಮನೆಯವರು, ವರ್ಷದ್ದು ಒಟ್ಟಿಗೆ ಕೊಡುತ್ತಾರೇನೋ ಎಂದುಕೊಂಡಿದ್ದೆ.

"ನಿಮ್ಮಪ್ಪ ಎಷ್ಟು ಕೊಡ್ತಾರೆ?"

"ನನಗೆ ಫೀಸೇ ಇಲ್ಲ ಕಣೆ" ಎಂದಳು ಕೈ ಒರೆಸಿಕೊಳ್ಳುತ್ತಾ. "ಅಪ್ಪಾಜಿ ಕೊಡಾಕೆ ಬಂದ್ರೆ ಸಿಸ್ಟರ್ ತಗಳ್ಳಿಲ್ಲ. ನಿನಗೈತಾ?"

ನನ್ನ ಅಮ್ಮನ ಮೊಟ್ಟೆಗಳು ಒಂದೊಂದೇ ಕಣ್ಣ ಮುಂದೆ ಬಂದವು. ಮೆಕ್ಕೆಜೋಳದ ರಾಶಿಯ ಮೇಲೆ ಕೂತವರಿಗೆ ಬಿಟ್ಟಿ, ಬಿಸಿಯೂಟದವಳ ಮಗಳಿಗೆ ನೂರೈವತ್ತು! ಬುದ್ಧಿವಂತರಿಗೆ ಮಾಫಿ, ದಡ್ಡರಿಗೆ ದಂಡ ಎಂದು ಅರ್ಥ ಮಾಡಿಕೊಂಡೆ. ಕಾರಣ ಕೇಳುವ ಧೈರ್ಯವಿರಲಿಲ್ಲ. ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಈ ಪಿಯಾನೊದ ಮೇಲೆ ನಿಜವಾದ ಭಕ್ತಿ ಯಾರಿಗಿದೆ ಎಂದು ಸಿಸ್ಟರ್‌ಗೆ ಒಂದು ದಿನ ತೋರಿಸುತ್ತೇನೆ ಎಂದುಕೊಂಡೆ.

ಅವಕಾಶ ದಸರಾಕ್ಕೆ ಬಂತು. ಸಿಸ್ಟರ್ ಎರಡು ದಿನಕ್ಕೆ ಶಿವಮೊಗ್ಗದಲ್ಲಿದ್ದ ಅಕ್ಕನ ಮನೆಗೆ ಹೊರಟರು. ಗಿಡಕ್ಕೆ ನೀರು ಹಾಕಿ ಬೆಕ್ಕಿಗೆ ಹಾಲಿಡಲು ಬೀಗದ ಕೈ ನನಗೆ ಕೊಟ್ಟರು. ನನಗೆ, ಅವಳಿಗಲ್ಲ. ಆ ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು ಓಡಾಡಿದೆ.

ಮಾರನೆಯ ದಿನ ಆಯುಧ ಪೂಜೆ. ನಮ್ಮೂರಲ್ಲಿ ಅವತ್ತು ತೊಳೆಯದ ವಸ್ತುವಿಲ್ಲ. ನೇಗಿಲು, ಕುಡುಗೋಲು, ಸೈಕಲ್ಲು, ಗಿರಣಿ, ಅಮ್ಮನ ಶಾಲೆಯ ಒಲೆ ಎಲ್ಲವೂ ಮಿಂದು ಕುಂಕುಮ ಇಟ್ಟುಕೊಳ್ಳುತ್ತವೆ. ಪಿಯಾನೊಕ್ಕೆ ಮಾತ್ರ ಯಾರೂ ಪೂಜೆ ಮಾಡಿರಲಿಲ್ಲ. ಮೇಲಾಗಿ, ತೊಳೆಯದೆ ಮುಟ್ಟಬೇಡ ಎಂದು ದಿನಾ ಹೇಳುವ ಮನೆ ಅದು. ನಾನು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿಕೊಂಡು ಕೂತೆ. ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕೀಯ ಸಂದಿಯನ್ನೂ ಉಜ್ಜಿದೆ. ನೊರೆ ಉಳಿಯಬಾರದೆಂದು ಒಂದು ಚೊಂಬು ಶುದ್ಧ ನೀರನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸುರಿದೆ. ಒರೆಸಿದೆ. ಮರದ ಹಣೆಗೆ ಮೂರು ಬೆರಳು ವಿಭೂತಿ, ಕುಂಕುಮ. ಮೇಲೆ ಚೆಂಡು ಹೂವಿನ ಹಾರ. ಟ್ರ್ಯಾಕ್ಟರಿನ ಗಾಲಿಗೆ ಇಡುವ ಹಾಗೆ ಕೆಳಗಿನ ಎರಡೂ ಪೆಡಲುಗಳ ಅಡಿಗೆ ಒಂದೊಂದು ನಿಂಬೆಹಣ್ಣು. ಊದುಬತ್ತಿ ಹಚ್ಚಿ ಕೈ ಮುಗಿದಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಮಂಡಿಯವರ ಮಗಳಿಗೆ ಇದು ಹೊಳೆಯುತ್ತಿತ್ತೇ?

ಸಿಸ್ಟರ್ ಮರುದಿನ ಸಂಜೆ ಬಂದರು. ಬಾಗಿಲಲ್ಲೇ ನಿಂತರು.

"ಇದೆಂತದು, ಮದುವೆ ದಿಬ್ಬಣದ ಜೀಪಾ?" ಎಂದು ನಕ್ಕೇಬಿಟ್ಟರು. ನಾನೂ ನಕ್ಕೆ. ಅವರು ಮುಚ್ಚಳ ತೆಗೆದು ಒಂದು ಕೀ ಒತ್ತಿದರು. ಒತ್ತಿದ ಕೀ ಕೆಳಗೇ ಕೂತಿತು. ಇನ್ನೊಂದು ಒತ್ತಿದರು, ಅದೂ ಏಳಲಿಲ್ಲ. ಅವರ ನಗು ಹೋಯಿತು.

"ನೀರು ಹಾಕಿದ್ಯಾ?"

"ತೊಳೆದೆ ಸಿಸ್ಟರ್. ನೀವೇ ಹೇಳ್ತೀರಲ್ಲ, ತೊಳೆದೇ ಮುಟ್ಟಬೇಕು ಅಂತ."

ಅವರು ಬೆಂಚಿನ ಮೇಲೆ ಕೂತರು. "ಕೈ ತೊಳೀಲಿಕ್ಕೆ ಹೇಳಿದ್ದು ಮಾರಾಯ್ತಿ" ಎಂದರು. ಅಷ್ಟೇ.

ಮೂರು ದಿನ ಟೇಬಲ್ ಫ್ಯಾನ್ ಇಟ್ಟು, ಮುಂದಿನ ಹಲಗೆ ಬಿಚ್ಚಿ, ಊದಿದ ಮರವನ್ನು ಒಣಗಿಸಿದರು. ಗಾಯಕ್ಕೆ ಡ್ರೆಸಿಂಗ್ ಮಾಡುವವರ ತಾಳ್ಮೆ ಅದು. ಕೀಗಳು ಒಂದೊಂದಾಗಿ ಎದ್ದವು. ಒಂದು ಮಾತ್ರ ಎದ್ದರೂ ಸದ್ದು ಮಾಡಲಿಲ್ಲ. ಒಳಗೆ ತಂತಿಗೆ ಬಡಿಯುವ ಸುತ್ತಿಗೆಯ ಅಂಟು ಬಿಟ್ಟು ಮುರಿದಿತ್ತು. ನಡುವಿನ ಸೋ, ನಮ್ಮ ಲೆಕ್ಕದಲ್ಲಿ ಪ. ಯಾವ ಹಾಡಿಗೂ ಅದಿಲ್ಲದೆ ಆಗುವುದಿಲ್ಲ. ರಿಪೇರಿ ಮಾಡುವವನು ದೂರದ ಊರಿನಿಂದ ಬರಬೇಕು. ಅವನು ಫೋನಿನಲ್ಲಿ ಹೇಳಿದ ಖರ್ಚಿಗೆ ಅಮ್ಮನ ಕೋಳಿಗಳು ಎರಡು ವರ್ಷ ಬಿಡುವಿಲ್ಲದೆ ಮೊಟ್ಟೆಯಿಟ್ಟರೂ ಸಾಲದು. ನನ್ನ ಜಾಗ ಹೋಯಿತು ಎಂದುಕೊಂಡೆ. ಆದರೂ ಪಾಠದ ದಿನ ಕಾಲುಗಳು ಅಲ್ಲಿಗೇ ಹೋದವು.

ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದೆ. ಒಳಗೆ ಸಾಹುಕಾರರ ದನಿ.

"ರಿಪೇರಿ ಖರ್ಚು ನಂದ್ರೀ ಸಿಸ್ಟರ್. ಬೇಕಂದ್ರ ಹೊಸಾದನ್ನ ತರಿಸೋಣ. ಆದ್ರ ನಮ್ಮ ಮನ್ಯಾಗ ಇರ್ಲಿ. ದಿನಾ ಗಾಡಿ ಕಳಿಸ್ತೀನಿ, ಬಂದು ಕಲಿಸ್ರಿ. ಆ ಇನ್ನೊಂದು ಹುಡುಗಿ ಕೈಗೆ ಮಾತ್ರ ಕೊಡಬ್ಯಾಡ್ರಿ ಇನ್ನ."

ನಲ್ಲಿ ನಿಲ್ಲಿಸಿದೆ.

"ಸಾಹುಕಾರ್ರೇ, ನಿಮ್ಮ ಹತ್ರ ನಾನು ಫೀಸು ಬೇಡ ಅಂದದ್ದು ಯಾಕೆ ಗೊತ್ತುಂಟಾ?" ಸಿಸ್ಟರ್ ದನಿ ಏರಲಿಲ್ಲ. "ಮೊದಲ ದಿನವೇ ನೀವು, ಇಷ್ಟು ಕೊಟ್ಟರೆ ಎಷ್ಟು ತಿಂಗಳಲ್ಲಿ ಬರ್ತದೆ ಅಂತ ಕೇಳಿದ್ರಿ. ನಿಮ್ಮ ದುಡ್ಡು ತೆಗೊಂಡರೆ ನಾನು ನಿಮಗೆ ಮಾಲು ತೂಗಿ ಕೊಡಬೇಕಾಗ್ತದೆ. ಆ ಹುಡುಗಿಯ ಅಮ್ಮ ತಿಂಗಳು ತಿಂಗಳು ಕೊಡ್ತಾಳೆ, ಏನು ಬಂತು ಅಂತ ಒಂದು ದಿನ ಕೇಳಲಿಲ್ಲ. ಪಿಯಾನೊ ಇಲ್ಲೇ ಇರ್ತದೆ. ಅವಳೂ ಇರ್ತಾಳೆ. ನಿಮ್ಮ ಮಗಳು ಬಂದರೆ ಸಂತೋಷ."

ಸಾಹುಕಾರರು ಹೋದರು. ಮಗಳು ಹೋಗಲಿಲ್ಲ. ಆ ಒಂದು ವಿಷಯಕ್ಕೆ ಅವಳನ್ನು ಮೆಚ್ಚಬೇಕು.

ನಾನು ಒಳಗೆ ಬಂದು ತಲೆ ತಗ್ಗಿಸಿ ನಿಂತೆ. ಕೇಳಬೇಕಾದ್ದು ಕ್ಷಮೆ, ಬಾಯಿಂದ ಬಂದದ್ದು ಬೇರೆ. "ಹಂಗಾದ್ರೆ ನನ್ನ ಹತ್ರನೂ ಬೇಡ ಅನ್ನಬಹುದಿತ್ತಲ್ಲ ಸಿಸ್ಟರ್?"

"ನಿಮ್ಮಮ್ಮ ಎಷ್ಟು ಅಂತ ಕೇಳಿದ್ದು ಸೆರಗಿನ ಗಂಟು ಬಿಚ್ಚಿಕೊಂಡೇ. ಚೌಕಾಸಿ ಬೇರೆ ಮಾಡಿದಳು. ಅಂಥವಳಿಗೆ ಬೇಡ ಅನ್ನಲಿಕ್ಕೆ ನನಗೆ ಧೈರ್ಯ ಸಾಲಲಿಲ್ಲ." ಆಮೇಲೆ ಏನೋ ನೆನಪಾದವರ ಹಾಗೆ, "ಆ ದುಡ್ಡಲ್ಲಿ ನಾನು ಮೀನು ತರ್ತೇನೆ. ನಿಮ್ಮಮ್ಮನಿಗೆ ಹೇಳು" ಎಂದರು.

ಅಮ್ಮನಿಗೆ ಹೇಳಿದೆ. ಮುಂದೆ ನನ್ನ ಡಿಗ್ರಿ ಸರ್ಟಿಫಿಕೇಟು ನೋಡಿದಾಗಲೂ ಅಮ್ಮನ ಮುಖ ಅಷ್ಟು ಅರಳಲಿಲ್ಲ. "ನಮ್ಮ ಕೋಳಿ ದುಡ್ಡಲ್ಲಿ ಸಿಸ್ಟ್ರಮ್ಮ ಮೀನು ತಿಂತಾರೆ" ಎಂದು ಬಿಸಿಯೂಟದ ಕೋಣೆಯಲ್ಲೆಲ್ಲ ಹೇಳಿಕೊಂಡು ಬಂದಳು.

ರಿಪೇರಿಯವನನ್ನು ಸಿಸ್ಟರ್ ಕರೆಸಲಿಲ್ಲ. ಅವರ ಪಿಂಚಣಿಯಲ್ಲಿ ಅದು ಆಗುವಂತಿರಲಿಲ್ಲ. ಬದಲಿಗೆ ಒಂದು ಕಟ್ಟಳೆ ಮಾಡಿದರು. ಸೋ ಬಂದಾಗ ಬೆರಳು ಕೀಯನ್ನು ಒತ್ತಲೇಬೇಕು, ಸ್ವರವನ್ನು ಬಾಯಲ್ಲಿ ಹೇಳಬೇಕು. ಸರಿಯಾದ ಎತ್ತರದಲ್ಲಿ, ಸರಿಯಾದ ಹೊತ್ತಿಗೆ.

ಮಂಡಿಯವರ ಮಗಳಿಗೆ ಸಿಟ್ಟು ಬಂತು. "ನೀರು ಹೊಯ್ದಿದ್ದು ಅವಳು. ನಾನ್ಯಾಕೆ ಹಾಡಬೇಕು ಸಿಸ್ಟರ್?"

"ಪಿಯಾನೊ ಒಂದೇ ಉಂಟಲ್ಲ."

ಹೀಗೆ ಸುಮಾರು ಎರಡು ವರ್ಷ ನಾವಿಬ್ಬರೂ ನುಡಿಸಿದೆವು, ನಡುನಡುವೆ ಒಂದು ಸ್ವರ ಹಾಡುತ್ತಾ. ಓಣಿಯವರಿಗೆ ಅದು ತಮಾಷೆ. ಹಾಲು ಹಾಕುವವಳು ಗೇಟಿನ ಹೊರಗಿನಿಂದ "ಸೋ" ಎಂದು ಕೂಗಿ ಹೋಗುತ್ತಿದ್ದಳು. ನನ್ನ ಕಿವಿ ತಯಾರಾದದ್ದು ಆ ಎರಡು ವರ್ಷದಲ್ಲೇ. ಇಲ್ಲದ ಸ್ವರವನ್ನು ಮುಂಚಿತವಾಗಿ ಕೇಳಿಸಿಕೊಂಡರೆ ಮಾತ್ರ ಹೇಳಲು ಬರುತ್ತದೆ. ನಾನು ಮಾಡಿದ ತಪ್ಪಿನಿಂದಲೇ ಸಿಸ್ಟರ್ ನನಗೆ ಪಾಠ ಹೊಲಿದು ಕೊಟ್ಟಿದ್ದರು. ಆದರೆ ಅಲ್ಲಿಯೂ, ಹೇಳಲೇಬೇಕು, ಅವಳ ಸೋ ನನ್ನದಕ್ಕಿಂತ ಇಂಪಾಗಿತ್ತು.

ಡಿಗ್ರಿ ಮುಗಿಯಿತು. ನಾನು ಪರೀಕ್ಷೆ ಬರೆದು ಸೊರಬದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ, ಪಹಣಿ, ಖಾತೆ, ಅರ್ಜಿಗಳ ಮಧ್ಯೆ. ಅವಳು ಶಿಕಾರಿಪುರದಲ್ಲೇ ಮದುವೆಯಾಗಿ, ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸತೊಡಗಿದಳು. ಫೀಸು ಚೆನ್ನಾಗಿಯೇ ತೆಗೆದುಕೊಳ್ಳುತ್ತಾಳೆಂದು ಕೇಳಿದ್ದೆ.

ನಾನು ತಿಂಗಳಿಗೊಮ್ಮೆ ಸಿಸ್ಟರ್ ಮನೆಗೆ ಮೀನು ಹಿಡಿದುಕೊಂಡು ಹೋಗುತ್ತಿದ್ದೆ. ಕಳೆದ ವರ್ಷ ಅವರ ಕೈ ನಡುಗಲು ಶುರುವಾಯಿತು. ಒಂದು ದಿನ, "ನಿನ್ನ ಮನೆಯ ಮೆಟ್ಟಿಲು ಅಳತೆ ಮಾಡಿ ತಾ" ಎಂದರು. ಯಾಕೆಂದು ಕೇಳಬೇಕಾಗಿರಲಿಲ್ಲ. ಸೊರಬದಲ್ಲಿ ನನ್ನದು ಮಹಡಿಯ ಮೇಲಿನ ಬಾಡಿಗೆ ಮನೆ. ಟೇಪು ಹಿಡಿದು ಅಳೆದೆ. ಮೆಟ್ಟಿಲು ತಿರುಗುವ ಕಡೆ ಒಂದು ಗೇಣು ಕಡಿಮೆ. ಇನ್ನೊಮ್ಮೆ ಅಳೆದೆ, ಗೇಣು ಗೇಣೇ. ಮಾಲೀಕರನ್ನು ಹೋಗಿ ಕೇಳಿದೆ.

"ಒಂದು ಪೆಟ್ಟಿಗೆಗೋಸ್ಕರ ಗೋಡೆ ಒಡೀಬೇಕೇನ್ರೀ ಮೇಡಂ?" ಎಂದರು ಅವರು.

ಸಿಸ್ಟರ್‌ಗೆ ಸುಳ್ಳು ಅಳತೆ ಹೇಳಿದೆ, ಸರಿಹೋಗುತ್ತದೆ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದರು. ನಡುಗುವ ಕೈಯಲ್ಲೂ ನಾಡಿ ಸಿಕ್ಕಿತು. ಎಣಿಸಿ ಕೈ ಬಿಟ್ಟರು. ಮುಂದಿನ ವಾರ ಪಿಯಾನೊ ಮೆಕ್ಕೆಜೋಳದ ಲಾರಿಯಲ್ಲಿ ಮಂಡಿಯವರ ಮಗಳ ಮನೆಗೆ ಹೋಯಿತು. ನನಗೆ ಬಾಗಿಲ ಮೊಳೆಯಿಂದ ನೇಲ್ ಕಟರ್ ಬಿಚ್ಚಿ ಕೊಟ್ಟರು, ದಾರದ ಸಮೇತ. ಆ ವಾರ ಕಚೇರಿಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ ನಾನು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಸಿಸ್ಟರ್ ತೀರಿಕೊಂಡರು. ನಡುಮನೆಯಲ್ಲಿ, ಪಿಯಾನೊ ಇದ್ದ ಜಾಗದಲ್ಲೇ, ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗೆದ್ದಲು ಪುಡಿಯ ಗೆರೆ ನೆಲದ ಮೇಲೆ ಇನ್ನೂ ಇತ್ತು. ಅಮ್ಮ ಬಂದಿದ್ದಳು, ಗೋಡೆಗೆ ಒರಗಿ ನಿಂತಿದ್ದಳು, ಅವತ್ತೂ ಕೂರಲಿಲ್ಲ. ಪ್ರಾರ್ಥನೆಗೆ ಮಂಡಿಯವರ ಮಗಳು ತನ್ನ ಕೀಬೋರ್ಡ್ ತಂದಿದ್ದಳು. ನುಡಿಸಲು ಅವಳನ್ನೇ ಕೇಳಿದ್ದರು, ನನ್ನನ್ನಲ್ಲ. ಎದುರಿಗೆ ಸಿಸ್ಟರ್ ಮಲಗಿರುವಾಗಲೂ ನನ್ನ ನಾಡಿ ಓಡಿತು. ನಾನೇ ಹಿಡಿದು ನೋಡಿಕೊಂಡೆ.

ಅವಳು ಶುರು ಮಾಡಿದಳು. ನಾವು ಮೊದಲು ಕಲಿತ ಪಾಠ, ನಿಧಾನದ್ದು. ಹೊಸ ಕೀಬೋರ್ಡು, ಎಲ್ಲ ಸ್ವರವೂ ನೆಟ್ಟಗಿರುವಂಥದ್ದು. ಡೋ, ಮೀ, ಅದಾದ ಮೇಲೆ ಆ ಜಾಗ ಬಂತು. ಕೀಬೋರ್ಡು ತನ್ನ ಪಾಡಿಗೆ ನುಡಿಯಿತು. ಅದರ ಜೊತೆಗೇ ಅವಳ ಬಾಯಿಂದ "ಸೋ" ಎಂದು ಬಂತು. ಹಿಂದೆ, ಬಾಗಿಲ ಹತ್ತಿರ ನಿಂತಿದ್ದ ನನ್ನ ಬಾಯಿಂದಲೂ ಬಂತು. ಒಂದೇ ಹೊತ್ತಿಗೆ, ಒಂದೇ ಎತ್ತರದಲ್ಲಿ. ಜನ ನಮ್ಮಿಬ್ಬರನ್ನೂ ತಿರುಗಿ ನೋಡಿದರು. ಅವಳು ತಿರುಗಲಿಲ್ಲ, ನುಡಿಸುವುದನ್ನೂ ನಿಲ್ಲಿಸಲಿಲ್ಲ. ಮುಂದಿನ ಸೋ ಬಂದಾಗ ಮಾತ್ರ ಒಂದು ಕ್ಷಣ ನನಗಾಗಿ ಕಾದಳು.

ಮಣ್ಣು ಹಾಕಿ ಬಂದ ಮೇಲೆ, ಕೈ ತೊಳೆಯಲು ಹಿತ್ತಿಲ ನಲ್ಲಿಗೆ ಇಬ್ಬರೂ ಒಟ್ಟಿಗೇ ಹೋದೆವು. ಅವಳ ಕಣ್ಣು ಊದಿತ್ತು.

"ಮನೆಗೆ ಬಾರೆ" ಎಂದಳು. "ಪಿಯಾನೊ ನೋಡ್ಕೊಂಡು ಹೋಗು."

"ರಿಪೇರಿ ಮಾಡ್ಸಿರ್ತೀಯಲ್ಲ, ದುಡ್ಡಿಗೇನು?" ಎಂದೆ. ಸಾವಿನ ಮನೆಯಲ್ಲಿ ಆಡುವ ಮಾತಲ್ಲ. ಬಂದುಬಿಟ್ಟಿತು.

"ಇಲ್ಲ. ರಿಪೇರಿಯವನು ಬಂದಿದ್ದ. ಎಲ್ಲಾ ಸರಿ ಮಾಡು, ಆ ಸೋ ಒಂದನ್ನ ಮುಟ್ಟಬೇಡ ಅಂದೆ. ನನ್ನ ಹತ್ರ ಕಲಿಯೋ ಹುಡುಗರೂ ಬಾಯಲ್ಲೇ ಹೇಳ್ತಾರೆ."

ನಾನು ಮೊಣಕೈವರೆಗೂ ತೊಳೆದೆ, ಸಿಸ್ಟರ್ ಹೇಳಿಕೊಟ್ಟ ಹಾಗೆ, ಬಹಳ ಹೊತ್ತು ತೊಳೆದೆ. ಅಷ್ಟು ದುಡ್ಡಿದ್ದೂ ರಿಪೇರಿ ಮಾಡಿಸದೆ ಇರುವ ಬುದ್ಧಿ ಇವಳ ತಲೆಗೆ ಹೊಳೆಯಿತಲ್ಲ, ನನಗೆ ಹೊಳೆಯುತ್ತಿತ್ತೇ ಎಂದು ಮತ್ತೆ ಹೊಟ್ಟೆ ಉರಿಯಿತು.